‘ಗೊತ್ತಾಯ್ತಾ?’ ಎಂದು ಕೇಳಬೇಡಿ

ಭೇದಿ ಹತ್ತಿದ ಮಗುವಿನ ತಾಯಿಗೆ ಓಆರ್‌ಎಸ್ (ನೀರಿಗೆ ಕಲಸಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿ) ಪ್ಯಾಕೆಟ್ ಕೊಟ್ಟು, ಎಲ್ಲ ವಿವರಿಸಿ, ಕೊನೆಗೆ ‘ಗೊತ್ತಾಯ್ತಾ ಅಮ್ಮ?’ ಎಂದರೆ ಬರುವ ಉತ್ತರ ಒಂದೇ: ‘ಹ್ಞೂಂ ಮೇಡಂ.’ ಗೊತ್ತಾಗದವರೂ ಹಾಗೇ ಅನ್ನುತ್ತಾರೆ. ಸರದಿ ಉದ್ದ ಇರುವಾಗ ಮತ್ತೆ ಕೇಳಲು ಯಾರಿಗೂ ಸಂಕೋಚವೇ. ಆಶಾ ಕಾರ್ಯಕರ್ತೆಯರು, ನರ್ಸ್‌ಗಳು, ಔಷಧ ಅಂಗಡಿಯವರು ಕ್ರಮ ಸ್ವಲ್ಪ ಬದಲಿಸಿಕೊಂಡರೆ ಮನೆಯಲ್ಲಿ ಆಗುವ ತಪ್ಪು ಇಲ್ಲೇ ಸಿಕ್ಕಿಬೀಳುತ್ತದೆ.

ಮೊದಲು ಕೇಳಿಸಿಕೊಳ್ಳಿ. ‘ಅತಿಸಾರ’ ಪೋಸ್ಟರಿನ ಪದ. ಭೇದಿ, ಜುಲಾಬು, ಹೊಟ್ಟೆ ಕೆಟ್ಟಿದೆ... ತಾಯಿ ಏನೆಂದರೋ ಅದನ್ನೇ ಹಿಡಿಯಿರಿ. ‘ಇಲ್ಲೀವರೆಗೆ ಏನೇನು ಕೊಟ್ರಿ?’ ಎಂದು ಕೇಳಿ ಸುಮ್ಮನಿರಿ. ‘ನೀರು ಕೊಟ್ರೆ ಇನ್ನೂ ಜಾಸ್ತಿ ಆಗುತ್ತೆ ಅಂತ ನಿಲ್ಲಿಸಿದೀವಿ’ ಎಂಬಂಥ ಮಾತು ಹೊರಬರುವುದು ಆಗಲೇ. ಗದರಬೇಡಿ, ‘ಹೋದಷ್ಟು ನೀರು ತುಂಬಿಸದಿದ್ರೆ ಮಗು ಬಾಡುತ್ತೆ’ ಎಂದರೆ ಸಾಕು. ಎದೆಹಾಲು, ಊಟ ನಿಲ್ಲಿಸಬಾರದು ಎಂಬುದನ್ನೂ ಆಗಲೇ ಸೇರಿಸಿ. ಮನೆಯಲ್ಲಿ ಅಜ್ಜಿಯ ಮಾತು ನಡೆಯುವುದಾದರೆ ಅವರನ್ನೂ ಕೂರಿಸಿಕೊಳ್ಳಿ.

ಕಲಸುವುದನ್ನು ಬಾಯಲ್ಲಿ ಹೇಳಬೇಡಿ, ಮಾಡಿ ತೋರಿಸಿ. ದೊಡ್ಡ ಪ್ಯಾಕೆಟ್ ಇಡಿಯಾಗಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ. ‘ಒಂದು ಚೊಂಬು’ ಎನ್ನಬೇಡಿ, ಚೊಂಬು ಮನೆಗೊಂದು ಅಳತೆ. 1 ಲೀಟರಿನ ನೀರಿನ ಬಾಟಲಿ ತೋರಿಸಿ. ಹೆಚ್ಚಾಗಿ ತಪ್ಪುವುದು ಇಲ್ಲೇ: ಚೂರು ಪುಡಿ ಲೋಟಕ್ಕೆ ಹಾಕಿ ಉಳಿದದ್ದನ್ನು ಮಡಚಿಡುತ್ತಾರೆ. ನೀರು ಕಡಿಮೆಯಾದರೆ ಉಪ್ಪು ಹೆಚ್ಚಿ ಮಗುವಿಗೆ ಅಪಾಯ, ನೀರು ಹೆಚ್ಚಾದರೆ ಪ್ರಯೋಜನ ಕಡಿಮೆ. 200 ಮಿಲಿ ನೀರಿನ ಚಿಕ್ಕ ಪ್ಯಾಕೆಟ್ಟೂ ಉಂಟು, ಆದ್ದರಿಂದ ಪ್ಯಾಕೆಟ್ ಮೇಲಿನ ಅಳತೆಯನ್ನು ಬೆರಳಿಟ್ಟು ತೋರಿಸಿ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಬೇಕು.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ, ಚಮಚದಲ್ಲಿ. ವಾಂತಿಯಾದರೆ ಬಿಟ್ಟುಬಿಡುವವರೇ ಹೆಚ್ಚು. ‘ಹತ್ತು ನಿಮಿಷ ಬಿಟ್ಟು, ಇನ್ನೂ ನಿಧಾನಕ್ಕೆ ಕೊಡಿ’ ಎಂದು ಮೊದಲೇ ಹೇಳಿರಿ.

ಸತುವಿನ ಮಾತ್ರೆ, ಅಂದರೆ ಜಿಂಕ್: ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, 2ರಿಂದ 6 ತಿಂಗಳಿನವರಿಗೆ 10. ಚಮಚ ನೀರಲ್ಲೋ ಎದೆಹಾಲಲ್ಲೋ ಕರಗಿಸಿ 14 ದಿನ. ಭೇದಿ ಮೂರೇ ದಿನಕ್ಕೆ ನಿಂತರೆ ಮನೆಯವರು ಮಾತ್ರೆಯನ್ನೂ ನಿಲ್ಲಿಸಿಬಿಡುವುದು ಸಹಜ, ಆದರೆ 14 ದಿನವೂ ಕೊಡಲೇಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ 14 ಮನೆಗೆ ಗೆರೆ ಎಳೆಯಲು ಹೇಳಿಬಿಡಿ.

ಈಗ ‘ಗೊತ್ತಾಯ್ತಾ?’ ಬದಲು ಕೇಳಬೇಕಾದ ಪ್ರಶ್ನೆ. ‘ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಬೇಕು. ಮನೆಗೆ ಹೋಗಿ ಹೇಗೆ ಕಲಸ್ತೀರಿ, ತೋರಿಸಿ ಅಮ್ಮ.’ ಇಲ್ಲಿ ಪರೀಕ್ಷೆ ನಿಮ್ಮದು, ಅವರದಲ್ಲ. ಹಾಗೆ ಅನ್ನಿಸಿದರೇ ಅವರು ಬಾಟಲಿ ಮುಟ್ಟುತ್ತಾರೆ. ತಪ್ಪಿದರೆ ‘ನಾನೇ ಗಡಿಬಿಡೀಲಿ ಹೇಳ್ಬಿಟ್ಟೆ’ ಎಂದು ಆ ಒಂದು ಹೆಜ್ಜೆಯನ್ನಷ್ಟೇ ಮತ್ತೆ ತೋರಿಸಿ, ಮತ್ತೆ ಮಾಡಿಸಿ.

ಅಪಾಯದ ಚಿಹ್ನೆಗಳನ್ನು ಕಡೆಗೆ, ನಿಧಾನಕ್ಕೆ ಹೇಳಿ: ಕಣ್ಣು ಗುಳಿ ಬೀಳುವುದು, ಮಲದಲ್ಲಿ ರಕ್ತ, ಕುಡಿಯಲಾಗದಿರುವುದು, ಮಂಪರು. ಇದರಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ. ಗಾಡಿ ಇಲ್ಲದಿದ್ದರೆ 108. ಈ ನಾಲ್ಕನ್ನೂ ಅವರ ಬಾಯಲ್ಲೇ ಹೇಳಿಸಿ.

ಮನೆಗೆ ಹೋದಾಗ ‘ಕೊಟ್ರಾ?’ ಎನ್ನಬೇಡಿ, ಅದಕ್ಕೂ ‘ಹ್ಞೂಂ’ ಇದೆ. ‘ಮಾತ್ರೆ ಶೀಟ್ ತನ್ನಿ’ ಅನ್ನಿ. ದಿನಕ್ಕೊಂದರಂತೆ 14 ಕೊಟ್ಟಿದ್ದರೆ ನಾಲ್ಕನೇ ಬೆಳಗ್ಗೆ, ಮಾತ್ರೆ ಕೊಡುವ ಮುಂಚೆ, 11 ಉಳಿದಿರಬೇಕು.