ಬೆಂಗಳೂರಿನ ಚರ್ಚ್ ಸ್ಟ್ರೀಟಿಗೆ ಹೋಗುವ ಕಲಬುರಗಿಯ ಸ್ನೇಹಿತರಿಗೆ

ಕೆಲಸದ ನಿಮಿತ್ತ ಕಲಬುರಗಿಯಿಂದ ಬೆಂಗಳೂರಿಗೆ ಹೋದಾಗ ಒಂದು ಸಂಜೆಯನ್ನು ಪಬ್‌ಗಳಿಗೆ ಹೆಸರಾದ ಚರ್ಚ್ ಸ್ಟ್ರೀಟಿನಲ್ಲಿ ಕಳೆಯಬೇಕೆಂದಿರುವ ಸ್ನೇಹಿತರು ಎಂ.ಜಿ. ರಸ್ತೆಯ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಸಾಕು, ಬೀದಿ ಅಲ್ಲೇ ಹತ್ತಿರದಲ್ಲಿದೆ. ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ ಕಲ್ಲು ಹಾಸಿದ ಈ ಬೀದಿ ಒಂದು ಕಿಲೋಮೀಟರಿಗಿಂತಲೂ ಚಿಕ್ಕದು. ಮೊದಲು ಒಮ್ಮೆ ಪೂರ್ತಿ ನಡೆದು ನೋಡಿ, ಆಮೇಲೆ ಎಲ್ಲಿ ಕೂರಬೇಕೆಂದು ನಿರ್ಧರಿಸಿರಿ.

ಹಳೆಯ ಬೆಂಗಳೂರಿನ ಪಬ್ ಹೇಗಿತ್ತೆಂದು ತಿಳಿಯಬಯಸುವವರು ಪಕ್ಕದ ರೆಸ್ಟ್ ಹೌಸ್ ರಸ್ತೆಯಲ್ಲಿರುವ, 1989ರಲ್ಲಿ ಆರಂಭವಾದ ಪೆಕೋಸ್‌ಗೆ ಹೋಗಬೇಕು. ಅಲ್ಲಿ ಅಲಂಕಾರಕ್ಕಿಂತ ರಾಕ್ ಸಂಗೀತಕ್ಕೂ ಮಗ್ಗಿನಲ್ಲಿ ಕೊಡುವ ಡ್ರಾಫ್ಟ್ ಬಿಯರಿಗೂ ಹೆಚ್ಚು ಮಹತ್ವ. ಚರ್ಚ್ ಸ್ಟ್ರೀಟ್ ಸೋಷಿಯಲ್ ಎಂಬ ಪಬ್‌ನಲ್ಲಿ ಯುವಜನರ ಗದ್ದಲವಿರುತ್ತದೆ. ಹಳೆಯ ಗೆಳೆಯರೊಡನೆ ನೆಮ್ಮದಿಯಾಗಿ ಮಾತನಾಡಬೇಕಿದ್ದರೆ ನನ್ನ ಆಯ್ಕೆ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ರೆಸ್ಟೋರೆಂಟ್. ಕುಡಿಯದವರೂ ಅಲ್ಲಿ ಊಟ, ಕಾಫಿಯೊಂದಿಗೆ ಸಂಕೋಚವಿಲ್ಲದೆ ಕೂರಬಹುದು.

ಕುಡಿಯುವವರಿಗೆ ವಯಸ್ಸು 21 ತುಂಬಿರಬೇಕು, ಗುರುತಿನ ಚೀಟಿ ಜೊತೆಗಿರಲಿ. ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿದ್ದರೆ, ಅದು ಕಡ್ಡಾಯವಲ್ಲವೆಂಬುದನ್ನು ನೆನಪಿಡಿ. ಗಾಡಿಯನ್ನಂತೂ ಒಯ್ಯಲೇಬೇಡಿ: ಕುಡಿದು ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೂ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಅದೇ ರಾತ್ರಿ ಕಲಬುರಗಿಯ ರೈಲು ಹಿಡಿಯುವವರು ಕುಡಿಯದಿರುವುದೇ ಒಳ್ಳೆಯದು, ಏಕೆಂದರೆ ರೈಲಿನಲ್ಲಿ ಅಮಲಿನಲ್ಲಿರುವುದು ರೈಲ್ವೆ ಕಾಯ್ದೆಯ 145ನೇ ಕಲಮಿನ ಪ್ರಕಾರ ಅಪರಾಧ.