ಜ್ವರ ಬಿಟ್ಟ ಮೇಲೆ ಬಂದ ಎದೆನೋವು

ಕಳೆದ ಮಳೆಗಾಲದಲ್ಲಿ ನನಗೆ ಫ್ಲೂ ಬಂದು ಐದನೆಯ ದಿನ ಜ್ವರ ಬಿಟ್ಟಿತು, ಏಳನೆಯ ದಿನ ಕ್ಲಿನಿಕ್ಕಿಗೆ ಹೋದೆ. ‘ಇನ್ನೊಂದು ವಾರ ಮನೆಯಲ್ಲೇ ಇರಿ’ ಎಂದು ಇಪ್ಪತ್ತು ವರ್ಷಗಳಿಂದ ರೋಗಿಗಳಿಗೆ ಹೇಳುತ್ತ ಬಂದವನು ಆ ಮಾತನ್ನು ನಾನೇ ಪಾಲಿಸಲಿಲ್ಲ. ಮೆಟ್ಟಿಲು ಹತ್ತಿ ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಎದೆ ಡವಡವ ಎನ್ನುತ್ತಿತ್ತು. ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದಾಗ ನಾಡಿ 118 ಇತ್ತು. ಜ್ವರದಲ್ಲಿ ಮೈಯ ನೀರು ಆರಿದ್ದರೆ ನಾಡಿ ಏರುವುದು ಸಹಜವೆಂದು ಸಮಾಧಾನ ಮಾಡಿಕೊಂಡು ಓಆರ್‌ಎಸ್ ಕುಡಿದೆ. ಆದರೆ ಸದಾ 70ರ ಆಸುಪಾಸಿನಲ್ಲಿರುವ ನನ್ನ ನಾಡಿ ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ 104 ಇತ್ತು.

ಅಂದು ರಾತ್ರಿ ಮಲಗಿದ ಕೂಡಲೇ ಎದೆಮೂಳೆಯ ಹಿಂದೆ ಚೂರಿ ಇರಿದಂತಹ ನೋವು ಹುಟ್ಟಿ ಎಡ ಹೆಗಲಿನವರೆಗೆ ಹರಿಯಿತು. ದೀರ್ಘವಾಗಿ ಉಸಿರೆಳೆದರೆ, ಕೆಮ್ಮಿದರೆ ಹೆಚ್ಚುತ್ತಿತ್ತು. ಎದ್ದು ಕುಳಿತು ದಿಂಬನ್ನು ತಬ್ಬಿ ಮುಂದಕ್ಕೆ ಬಾಗಿದರೆ ಇಳಿಯುತ್ತಿತ್ತು. ‘ಗ್ಯಾಸ್ ಇರಬಹುದೇನ್ರಿ?’ ಎಂದು ಹೆಂಡತಿ ಕೇಳಿದಳು. ಗ್ಯಾಸೇ ಆಗಿರಲಿ ಎಂದು ನನಗೂ ಆಸೆಯಿತ್ತು. ಆಮ್ಲಶಾಮಕ ನುಂಗಿ ಬೆಳಗಿನ ನಾಲ್ಕರವರೆಗೆ ಕಾದದ್ದು ನನ್ನ ತಪ್ಪು. ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಂಭವ ಸುಮಾರು ಆರು ಪಟ್ಟು ಹೆಚ್ಚುತ್ತದೆ ಎಂದು 2018ರಲ್ಲಿ ಕೆನಡಾದ ಒಂಟಾರಿಯೋದಿಂದ ಬಂದ ಅಧ್ಯಯನವನ್ನು ಓದಿದ್ದವನಿಗೆ, ಅದೂ ನಲವತ್ತೆಂಟರ ವಯಸ್ಸಿನಲ್ಲಿ, ಕಾಯಲು ಯಾವ ಕಾರಣವೂ ಇರಲಿಲ್ಲ.

ಹೃದಯಾಘಾತದಲ್ಲಿ ಇಸಿಜಿ ಗೆರೆಯ ಎಸ್‌ಟಿ ಎಂಬ ಭಾಗ ಸಾಮಾನ್ಯವಾಗಿ ಕೆಲವು ಲೀಡುಗಳಲ್ಲಷ್ಟೇ, ಅಂದರೆ ಹೃದಯವನ್ನು ಕೆಲವು ಕೋನಗಳಿಂದ ತೋರಿಸುವ ಗೆರೆಗಳಲ್ಲಷ್ಟೇ, ಏರುತ್ತದೆ. ಆಸ್ಪತ್ರೆಯಲ್ಲಿ ತೆಗೆದ ನನ್ನ ಇಸಿಜಿಯಲ್ಲಿ ಅದು ಬಹುತೇಕ ಎಲ್ಲ ಲೀಡುಗಳಲ್ಲೂ ಏರಿತ್ತು, ಅದಕ್ಕೆ ಮುಂಚಿನ ಪಿಆರ್ ಎಂಬ ಭಾಗ ತಗ್ಗಿತ್ತು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ಎರಡು ಬಾರಿ ನೋಡಿದಾಗಲೂ ಸಹಜವಾಗಿತ್ತು. ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಹೃದಯದ ಸುತ್ತ ನೀರಿನ ತೆಳುವಾದ ಗೆರೆ ಕಂಡಿತು, ಪಂಪಿಂಗ್ ಚೆನ್ನಾಗಿತ್ತು. ಕಾಯಿಲೆ ಪೆರಿಕಾರ್ಡೈಟಿಸ್, ಅಂದರೆ ಹೃದಯವನ್ನು ಹೊದ್ದಿರುವ ಚೀಲದ ಉರಿಯೂತ. ಪರೀಕ್ಷಿಸಿದ ಹೃದ್ರೋಗ ತಜ್ಞರು ಸ್ಟೆತಾಸ್ಕೋಪನ್ನು ನನ್ನ ಕಿವಿಗೇ ಕೊಟ್ಟರು: ಹೊಸ ಚರ್ಮದ ಚಪ್ಪಲಿ ತುಳಿದಾಗ ಬರುವ ಕಿರ್ ಕಿರ್ ಸದ್ದು, ಪ್ರತಿ ಬಡಿತಕ್ಕೂ, ನನ್ನದೇ ಎದೆಯಿಂದ.

ಊಟದ ನಂತರ ದಿನಕ್ಕೆ ಮೂರು ಬಾರಿ ಐಬುಪ್ರೊಫೆನ್ 600 ಮಿಲಿಗ್ರಾಂ, ಹೊಟ್ಟೆ ಕಾಯಲು ಒಂದು ಮಾತ್ರೆ, ನೋವು ಮರುಕಳಿಸದಂತೆ ಮೂರು ತಿಂಗಳು ಕಾಲ್ಚಿಸಿನ್. ನಮ್ಮ ಮಲೆನಾಡಿನ ಬೇಲಿಗಳಲ್ಲಿ ಅರಳುವ ಗೌರಿ ಹೂವಿನ ಗೆಡ್ಡೆಯಲ್ಲಿರುವುದೂ ಇದೇ ಕಾಲ್ಚಿಸಿನ್. ಗೆಡ್ಡೆ ತಿಂದವರು ಪ್ರಾಣ ಕಳೆದುಕೊಂಡದ್ದುಂಟು, ಮಾತ್ರೆಯೂ ಅಳತೆ ಮೀರಿದರೆ ವಿಷವೇ. ನನಗೆ ಭೇದಿ ಶುರುವಾದಾಗ ದಿನಕ್ಕೆರಡಿದ್ದದ್ದನ್ನು ಒಂದಕ್ಕೆ ಇಳಿಸಿದರು. ಈ ಔಷಧಗಳು ನನಗೆ ಸಿಕ್ಕಿದ್ದು ಇಸಿಜಿ, ರಕ್ತಪರೀಕ್ಷೆಗಳಾದ ಮೇಲೆ. ಹೃದಯಾಘಾತವಾಗಿದ್ದರೆ ಐಬುಪ್ರೊಫೆನ್ ಕೇಡನ್ನೇ ಮಾಡುತ್ತಿತ್ತು.

ನೋವು ನಾಲ್ಕು ದಿನಗಳಲ್ಲಿ ಹೋಯಿತು, ವಿಶ್ರಾಂತಿಯೇ ಕಷ್ಟವಾಯಿತು. ರಕ್ತದಲ್ಲಿ ಉರಿಯೂತವನ್ನು ತೋರಿಸುವ ಸಿಆರ್‌ಪಿ ಸಹಜಕ್ಕೆ ಬರುವವರೆಗೆ ಬಿರುಸಿನ ನಡಿಗೆಯೂ ಬೇಡ ಎಂದಿದ್ದರು. ಹೃದಯದ ಸ್ನಾಯುವಿಗೇ ಉರಿಯೂತ ತಗುಲಿದ್ದರೆ ಈ ವಿಶ್ರಾಂತಿ ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ದಿನವೂ ಏಳುವ ಮೊದಲು ನಾಡಿ ಎಣಿಸಿ ಹಳೆಯ ಡೈರಿಯಲ್ಲಿ ಬರೆದೆ: ಎರಡನೆಯ ವಾರ 88, ನಾಲ್ಕನೆಯ ವಾರ 74.

ಈಗ ಫ್ಲೂ ಆಗಿ ಎದೆನೋವೆಂದು ಬಂದವರನ್ನು ಮಲಗಿದರೆ ಹೇಗಿರುತ್ತದೆ, ಬಾಗಿ ಕೂತರೆ ಹೇಗಿರುತ್ತದೆ ಎಂದು ಕೇಳುತ್ತೇನೆ. ಉತ್ತರ ಏನೇ ಇರಲಿ, ಇಸಿಜಿ ತೆಗೆಯದೆ ಕಳಿಸುವುದಿಲ್ಲ. ಎದೆ ಹಿಂಡಿದಂತಾಗಿ ಬೆವರು, ಏದುಸಿರು ಅಥವಾ ತಲೆಸುತ್ತು ಇದೆಯೆಂದು ಫೋನು ಮಾಡಿದವರಿಗೆ ನನ್ನಲ್ಲಿಗೆ ಬರಬೇಡಿ, 108ಕ್ಕೆ ಕರೆ ಮಾಡಿ ಎನ್ನುತ್ತೇನೆ.