ಜೋನಾಸ್‌ನ ಊರು ಮತ್ತು ನನ್ನ ಒಂಬತ್ತನೇ ಕ್ಲಾಸು

ಮೊದಲ ಕೆಲವು ಅಧ್ಯಾಯ ಮುಗಿಯುವ ಹೊತ್ತಿಗೆ ನನ್ನ ಕ್ಲಾಸಿನ ಮುಕ್ಕಾಲು ಮಕ್ಕಳು ಆ ಊರಿಗೆ ಹೋಗಿ ಇದ್ದುಬಿಡೋಕೆ ತಯಾರಾಗಿದ್ದರು. ‘ಎಷ್ಟು ಚೆನ್ನಾಗೈತೆ ಮಿಸ್’ ಅಂದರು. ನಾನು ಓದುತ್ತಿದ್ದದ್ದು ಲೋಯಿಸ್ ಲೌರಿ ಅವರ ‘ದಿ ಗಿವರ್’. 1993ರಲ್ಲಿ ಬಂದ ಕಾದಂಬರಿ. ಎಲ್ಲವೂ ಅಚ್ಚುಕಟ್ಟಾಗಿರುವ, ಯಾರಿಗೂ ಯಾವ ಆಯ್ಕೆಯೂ ಇಲ್ಲದ ಒಂದು ಊರಿನ, ಅಲ್ಲಿ ಬೆಳೆಯುವ ಜೋನಾಸ್ ಅನ್ನೋ ಹುಡುಗನ ಕಥೆ. ಓದಿ ಮಕ್ಕಳು ಗಾಬರಿಯಾಗಬೇಕಿತ್ತು ಅಲ್ವಾ? ಆಗಲಿಲ್ಲ.

ನಾನು ದಾವಣಗೆರೆಯಲ್ಲಿ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಮಕ್ಕಳಲ್ಲಿ ಹೆಚ್ಚಿನವರ ಮನೆಯವರು ಮಂಡಕ್ಕಿ ಭಟ್ಟಿಗೆ ಹೋಗುತ್ತಾರೆ, ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಾರೆ, ಆಟೋ ಓಡಿಸುತ್ತಾರೆ. ಈ ಪುಸ್ತಕ ಸಿಲಬಸ್ಸಿನಲ್ಲಿಲ್ಲ. ಹೆಡ್‌ಮಾಸ್ಟರ್ ‘ಪೋರ್ಷನ್ ಮುಗಿಸಿ ಏನಾದ್ರೂ ಮಾಡ್ಕೊಳಿ’ ಅಂದರು. ಹಾಗಾಗಿ ಶನಿವಾರದ ಬೆಳಗಿನ ಶಾಲೆಯ ಕೊನೇ ಪೀರಿಯಡ್ ಇದಕ್ಕೆ ಸಿಕ್ಕಿತು. ಪುಸ್ತಕ ಇದ್ದದ್ದು ಒಂದೇ ಪ್ರತಿ. ಹಿಂದಿನ ದಿನ ರಾತ್ರಿ ಅಧ್ಯಾಯ ಓದಿ, ಎಲ್ಲಿ ಇಂಗ್ಲಿಷಿನಲ್ಲೇ ಓದಬೇಕು, ಎಲ್ಲಿ ಕನ್ನಡದಲ್ಲಿ ಕಥೆಯಾಗಿ ಹೇಳಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಮಾತುಕತೆ ಬರುವ ಭಾಗವನ್ನು ಇಂಗ್ಲಿಷಿನಲ್ಲೇ ಓದಿದರೆ ಮಕ್ಕಳಿಗೆ ಸಲೀಸು. ಊರಿನ ವ್ಯವಸ್ಥೆಯ ವಿವರವೆಲ್ಲ ಕನ್ನಡದಲ್ಲಿ.

ಒಂದು ವಿಷಯ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ. ಇದು ಕೆಟ್ಟ ಊರಿನ ಕಥೆ ಅಂತ ನಾನಾಗಿ ಹೇಳಬಾರದು. ಪೀಠಿಕೆ ಬೇಡ, ಲೇಖಕಿ ಇದರಲ್ಲಿ ಏನು ಹೇಳಹೊರಟಿದ್ದಾರೆ ಅನ್ನೋದು ಬೇಡ. ಆಮೇಲೆ ನೋಡಿದರೆ, ನಾನು ಮಾಡಿದ್ದರಲ್ಲಿ ಮುಖ್ಯವಾದದ್ದು ಇದೊಂದೇ.

ಮೊದಲ ಅಧ್ಯಾಯದಲ್ಲೇ ಒಬ್ಬ ಪೈಲಟ್ ದಾರಿ ತಪ್ಪಿ ಊರ ಮೇಲೆ ವಿಮಾನ ಹಾರಿಸುತ್ತಾನೆ. ಅವನನ್ನು ‘ಬಿಡುಗಡೆ’ ಮಾಡಲಾಗುತ್ತದೆ ಅಂತ ಲೌಡ್‌ಸ್ಪೀಕರ್ ಹೇಳುತ್ತದೆ. ಮಕ್ಕಳು ಕೆಲಸದಿಂದ ತೆಗೆದುಹಾಕಿದರು ಅಂದುಕೊಂಡರು. ಇರಲಿ ಅಂತ ಸುಮ್ನೆ ಮುಂದೆ ಹೋದೆ.

ಅವರಿಗೆ ಹಿಡಿಸಿದ್ದು ಬೇರೆಯದೇ. ಆ ಊರಲ್ಲಿ ಒಂಬತ್ತು ವರ್ಷಕ್ಕೆ ಎಲ್ಲ ಮಕ್ಕಳಿಗೂ ಸೈಕಲ್ ಕೊಡುತ್ತಾರೆ. ‘ನಮಗೂ ಎಂಟನೇ ಕ್ಲಾಸಲ್ಲಿ ಕೊಡ್ತಿದ್ರಂತೆ’ ಅಂತ ಒಬ್ಬ ನೆನಪಿಸಿದ. ನಾಲ್ಕರಿಂದ ಆರು ವರ್ಷದ ಮಕ್ಕಳ ಕೋಟಿಗೆ ಗುಂಡಿ ಬೆನ್ನ ಕಡೆ. ಒಬ್ಬರ ಗುಂಡಿ ಇನ್ನೊಬ್ಬರು ಹಾಕಬೇಕು, ಪರಸ್ಪರ ಸಹಾಯ ಕಲಿಯಲಿ ಅಂತ. ಏಳಕ್ಕೆ ಗುಂಡಿ ಮುಂದಕ್ಕೆ ಬರುತ್ತದೆ. ಈ ವಿವರ ಕೇಳಿ ಎರಡು ಬೆಂಚಿನ ಹುಡುಗರು ಶರ್ಟು ಹಿಂದುಮುಂದಾಗಿ ಹಾಕಿಕೊಂಡು ಗಲಾಟೆ ಎಬ್ಬಿಸಿದರು. ಊಟ ಮನೆ ಬಾಗಿಲಿಗೇ ಬರುತ್ತದೆ ಅಂದಾಗ ದಿನಾ ಬೆಳಿಗ್ಗೆ ಮನೆಯವರಿಗೆಲ್ಲ ರೊಟ್ಟಿ ಬಡಿದಿಟ್ಟು ಶಾಲೆಗೆ ಬರುವ ಒಬ್ಬ ಹುಡುಗಿ, ‘ಪಾತ್ರೆ ಯಾರು ತೊಳೀತಾರೆ ಮಿಸ್?’ ಅಂತ ಕೇಳಿದಳು. ಸುಮ್ನೆ ಕೇಳಿದ್ದಲ್ಲ ಅದು. ಪುಸ್ತಕ ಮುಗಿಯುವವರೆಗೂ ಅವಳು ಈ ಪ್ರಶ್ನೆ ಬಿಡಲಿಲ್ಲ. ಆ ಊರಲ್ಲಿ ‘ಕೂಲಿಯವರು’ ಅಂತ ಒಂದು ವರ್ಗ ಇದೆ, ಅವರ ಬಗ್ಗೆ ಪುಸ್ತಕ ಜಾಸ್ತಿ ಹೇಳುವುದೇ ಇಲ್ಲ ಅನ್ನೋದನ್ನು ಹಿಡಿದವಳೂ ಅವಳೇ.

ಮದುವೆಯ ವಿಷಯ ಬಂದಾಗ ನನಗೇ ಆಶ್ಚರ್ಯ ಕಾದಿತ್ತು. ಯಾರಿಗೆ ಯಾರು ಜೋಡಿ ಅಂತ ಅಲ್ಲಿ ಹಿರಿಯರ ಸಮಿತಿ ನಿರ್ಧಾರ ಮಾಡುತ್ತದೆ. ಸ್ವಭಾವ, ಚುರುಕುತನ, ಬುದ್ಧಿ, ಆಸಕ್ತಿ ಎಲ್ಲ ಹೊಂದುತ್ತದಾ ಅಂತ ನೋಡುತ್ತಾರೆ. ಇಲ್ಲಿ ಹುಡುಗಿಯರು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ‘ಜಾತಿ ನೋಡಲ್ವಾ?’ ಅಂತ ಒಬ್ಬಳು ಕೇಳಿದಳು. ಇಲ್ಲ ಅಂದೆ. ‘ವರದಕ್ಷಿಣೆ?’ ಇಲ್ಲ. ‘ಹಂಗಾದ್ರೆ ನಮ್ಮಕ್ಕಂಗೆ ಗಂಡು ನೋಡುವಾಗ ಇದರಲ್ಲಿ ಅರ್ಧನೂ ನೋಡಿಲ್ಲ ಮಿಸ್.’ ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಆದರೆ ಒಳಗೆ ಚುರುಕ್ ಅಂತು. ಆಯ್ಕೆಯೇ ಇಲ್ಲದ ಬದುಕು ಓದುಗರಿಗೆ ಹೊಸದು ಅಂದುಕೊಂಡು ಬರೆದ ಪುಸ್ತಕ ಇದು. ನನ್ನ ಎದುರು ಕೂತವರಲ್ಲಿ ಸುಮಾರು ಹುಡುಗಿಯರಿಗೆ ಅದೇನು ಹೊಸದಲ್ಲ.

ಸಿಟ್ಟು ಬಂದದ್ದು ಹೆರುವ ಹೆಂಗಸರ ವಿಷಯಕ್ಕೆ. ಆ ಊರಲ್ಲಿ ಕೆಲವರಿಗೆ ಹೆರುವುದೇ ಕೆಲಸ. ಮೂರು ಹೆರಿಗೆ, ಅಲ್ಲಿಯವರೆಗೆ ಒಳ್ಳೇ ಊಟ, ಆರಾಮ. ಆಮೇಲೆ ಮುದುಕಿಯಾಗುವ ತನಕ ಕೂಲಿ. ಹೆತ್ತ ಮಕ್ಕಳ ಮುಖವನ್ನೂ ಅವರು ನೋಡುವಂತಿಲ್ಲ. ಇಲ್ಲಿಂದ ಹುಡುಗಿಯರಿಗೆ ಆ ಊರಿನ ಮೇಲೆ ಮನಸ್ಸು ಮುರಿಯಿತು. ಹುಡುಗರು ಇನ್ನೂ ಸೈಕಲ್ಲಿನಲ್ಲೇ ಇದ್ದರು.

ಜೋನಾಸ್‌ಗೆ ಹನ್ನೆರಡು ತುಂಬಿದಾಗ ಊರಿನ ಹಳೆಯ ನೆನಪುಗಳನ್ನೆಲ್ಲ ಹೊತ್ತುಕೊಳ್ಳುವ ಕೆಲಸ ಸಿಗುತ್ತದೆ. ಒಬ್ಬ ಮುದುಕ ಅವನ ಬೆನ್ನ ಮೇಲೆ ಕೈಯಿಟ್ಟು ಒಂದೊಂದೇ ನೆನಪು ದಾಟಿಸುತ್ತಾನೆ. ಮೊದಲನೆಯದು ಹಿಮದ ಗುಡ್ಡದ ಮೇಲಿಂದ ಸ್ಲೆಡ್ಡಿನಲ್ಲಿ, ಅಂದರೆ ಚಕ್ರವಿಲ್ಲದ ಜಾರುಗಾಡಿಯಲ್ಲಿ, ಜಾರುವುದು. ಹಿಮವನ್ನು ಇವರು ಎಲ್ಲಿ ನೋಡಬೇಕು? ನಾನು ಬೋರ್ಡಿನ ಮೇಲೆ ಚಿತ್ರ ಬರೆಯಲು ಒದ್ದಾಡುತ್ತಿದ್ದಾಗ ಚನ್ನಗಿರಿ ಕಡೆಯ ಹುಡುಗನೊಬ್ಬ ಎದ್ದು, ‘ಅಡಿಕೆ ಹಾಳೆ ಮೇಲೆ ಕೂತು ಜಾರೋದು ಮಿಸ್, ಅಷ್ಟೇ’ ಅಂದ. ಚಿತ್ರ ಅಳಿಸಿದೆ. ಬಿಸಿಲಿಗೆ ಮೈ ಸುಡುವ ನೆನಪಿಗಂತೂ ವಿವರಣೆಯೇ ಬೇಕಾಗಲಿಲ್ಲ. ‘ಏಪ್ರಿಲ್ಲಲ್ಲಿ ದಾವಣಗೆರೆಗೆ ಬರೋಕೆ ಹೇಳಿ ಅವನಿಗೆ’ ಅಂದರು.

ಆವತ್ತು ಒಂದು ಕೆಲಸ ಕೊಟ್ಟೆ. ನೀವು ಜೋನಾಸ್‌ಗೆ ಒಂದು ನೆನಪು ಕೊಡೋದಾದರೆ ಯಾವುದು ಕೊಡ್ತೀರಿ? ಚೀಟಿಯಲ್ಲಿ ಬರೆಯಿರಿ, ಹೆಸರು ಬೇಡ, ಕನ್ನಡದಲ್ಲೇ ಬರೆಯಿರಿ. ಮೊದಲು ಬಂದ ಚೀಟಿಗಳಲ್ಲಿ ಎರಡು ವರ್ಷಕ್ಕೊಮ್ಮೆ ಆಗುವ ದುಗ್ಗಮ್ಮನ ಜಾತ್ರೆ, ಭದ್ರಾ ಕಾಲುವೆಯ ಈಜು, ಬೆಣ್ಣೆ ದೋಸೆ ಇದ್ದವು. ನಿರೀಕ್ಷೆ ಮಾಡಿದ್ದೇ. ಮುಂದಿನ ವಾರ ಪ್ರಶ್ನೆ ಬದಲಾಯಿಸಿದೆ. ನೋವಿನ ನೆನಪು ಯಾವುದು, ಅದನ್ನು ಅಳಿಸಿಬಿಡ್ತೀವಿ ಅಂದರೆ ಒಪ್ತೀರಾ? ಈ ಸಲ ಚೀಟಿ ಉದ್ದವಾದವು. ಒಂದರಲ್ಲಿ 2020ರ ಲಾಕ್‌ಡೌನ್. ಅಪ್ಪನ ಆಟೋ ಮನೆ ಮುಂದೆ ನಿಂತೇ ಇತ್ತು, ಅಪ್ಪ ದಿನಾ ಅದನ್ನು ಒರೆಸುತ್ತಿದ್ದ ಅಂತ ಬರೆದಿತ್ತು. ಕೆಳಗೆ, ‘ಅಳಿಸಬೇಡಿ. ಅಪ್ಪ ಆವಾಗ ಮನೇಲಿ ಇರ್ತಿದ್ದ.’ ಒಪ್ಪಿಕೊಂಡವರೂ ಇದ್ದರು. ಒಂದು ಚೀಟಿಯಲ್ಲಿ ‘ಅಳಿಸಿ’ ಅಂತ ಮಾತ್ರ ಇತ್ತು, ಏನನ್ನು ಅಂತ ಇರಲಿಲ್ಲ. ಚೀಟಿಗಳನ್ನು ಕ್ಲಾಸಿನಲ್ಲಿ ಓದುವುದಿಲ್ಲ ಅಂತ ಮೊದಲೇ ಮಾತು ಕೊಟ್ಟಿದ್ದೆ, ಓದಲಿಲ್ಲ. ಈ ಲೇಖನ ಬರೆಯುವ ಮುಂಚೆ ಕ್ಲಾಸಿಗೆ ಹೇಳಿ, ಒಪ್ಪಿದವರ ಮಾತನ್ನಷ್ಟೇ ಇಲ್ಲಿ ಹಾಕಿದ್ದೇನೆ.

ಇನ್ನು ಬಿಡುಗಡೆಯ ಅಧ್ಯಾಯ. ಅದಕ್ಕೆ ಮುಂಚೆ ಮಕ್ಕಳಿಗೆ ಹೇಳಿದೆ: ಇವತ್ತಿನದು ಕಷ್ಟ ಇದೆ, ಬೇಡ ಅನಿಸಿದವರು ಲೈಬ್ರರಿಗೆ ಹೋಗಬಹುದು. ಯಾರೂ ಹೋಗಲಿಲ್ಲ. ಜೋನಾಸ್‌ನ ಅಪ್ಪ ಶಿಶುಗಳನ್ನು ನೋಡಿಕೊಳ್ಳುವ ಕೆಲಸದವನು, ತುಂಬ ಮೃದು ಮನುಷ್ಯ. ಅವಳಿ ಮಕ್ಕಳು ಹುಟ್ಟಿವೆ. ಒಂದೇ ಥರದ ಇಬ್ಬರು ಅಲ್ಲಿ ಇರುವಂತಿಲ್ಲ. ಅಪ್ಪ ಎರಡನ್ನೂ ತೂಗುತ್ತಾನೆ. ದಪ್ಪದನ್ನು ಆರೈಕೆಗೆ ಕಳಿಸುತ್ತಾನೆ. ಸಣ್ಣದನ್ನು ಮುದ್ದು ಮಾಡುತ್ತಲೇ ಹಣೆಯ ನರಕ್ಕೆ ಸೂಜಿ ಚುಚ್ಚುತ್ತಾನೆ. ಆಮೇಲೆ ರಟ್ಟಿನ ಡಬ್ಬದಲ್ಲಿ ಹಾಕಿ ಕಸದ ಕೊಳವೆಗೆ ತಳ್ಳಿ ಟಾಟಾ ಮಾಡುತ್ತಾನೆ. ಜೋನಾಸ್ ಇದನ್ನೆಲ್ಲ ವಿಡಿಯೋದಲ್ಲಿ ನೋಡುತ್ತಾನೆ. ಆ ಊರಲ್ಲಿ ‘ಬಿಡುಗಡೆ’ ಅಂದರೆ ಸಾಯಿಸುವುದು.

ನಾನು ಇದನ್ನು ಇಂಗ್ಲಿಷಿನಲ್ಲಿ ನಿಧಾನಕ್ಕೆ ಓದಿ, ಆಮೇಲೆ ಕನ್ನಡದಲ್ಲಿ ಹೇಳಿದೆ. ಕೆಲವರಿಗೆ ಇಂಗ್ಲಿಷಿನಲ್ಲೇ ಗೊತ್ತಾಗಿಬಿಟ್ಟಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಕಿಸಕ್ ಅಂತ ನಕ್ಕ. ಪಕ್ಕದವನು ಅವನಿಗೆ ಮೊಣಕೈಯಿಂದ ತಿವಿದ. ಬೈಯೋಕೆ ಹೋಗಲಿಲ್ಲ. ಹೆದರಿದಾಗ ನಗು ಬರುವ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಅಷ್ಟರಲ್ಲಿ ಯಾರೋ, ‘ಮಿಸ್, ಹಂಗಾದ್ರೆ ಆ ಪೈಲಟ್?’ ಅಂದರು.

ಆಮೇಲೆ ಶುರುವಾಯಿತು ಜಗಳ. ಅಪ್ಪ ತಪ್ಪಿತಸ್ಥನಾ? ‘ಅವನಿಗೆ ಬೇರೆ ಏನೂ ಕಲಿಸಿಲ್ಲ, ಅವನೇನು ಮಾಡ್ತಾನೆ’ ಅಂತ ಒಂದು ಗುಂಪು. ‘ಕೈಯಾರೆ ಚುಚ್ಚಿದವನಿಗೆ ಗೊತ್ತಾಗಲ್ವಾ?’ ಅಂತ ಇನ್ನೊಂದು. ಆವಾಗ ಅಷ್ಟು ಹೊತ್ತೂ ಮಾತಾಡದೆ ಕೂತಿದ್ದ ಹುಡುಗಿಯೊಬ್ಬಳು ಹೇಳಿದಳು: ‘ಆಸ್ಪತ್ರೇಲಿ ಬೋರ್ಡ್ ಹಾಕಿರ್ತಾರಲ್ಲ ಮಿಸ್, ಗಂಡೋ ಹೆಣ್ಣೋ ಅಂತ ಕೇಳೋದು ಅಪರಾಧ ಅಂತ. ಯಾರೋ ಕೇಳ್ತಾ ಇದ್ದಿದ್ದಕ್ಕೆ ತಾನೆ ಬೋರ್ಡು?’ ಆ ಬೋರ್ಡಿನ ಹಿಂದೆ 1994ರ ಕಾನೂನಿದೆ ಅಂತ ನಾನು ಹೇಳಿದೆ. ಅದಕ್ಕಿಂತ ಜಾಸ್ತಿ ನಾನು ಹೇಳಬೇಕಾದ್ದು ಇರಲಿಲ್ಲ. ಬೆಲ್ ಹೊಡೆದ ಮೇಲೂ ವಾದ ಗೇಟಿನ ತನಕ ನಡೆಯಿತು.

ಕೊನೆ ಎಲ್ಲರಿಗೂ ಬೇಜಾರು ತಂದಿತು. ಜೋನಾಸ್ ಒಂದು ಕೂಸನ್ನು ಎತ್ತಿಕೊಂಡು ಊರು ಬಿಟ್ಟು ಓಡುತ್ತಾನೆ. ಹಸಿವು, ಹಿಮ. ಕೊನೆಗೆ ಸ್ಲೆಡ್ಡಿನಲ್ಲಿ ಜಾರುತ್ತಾ ದೂರದಲ್ಲಿ ದೀಪ ಕಾಣುತ್ತದೆ, ಹಾಡು ಕೇಳುತ್ತದೆ. ಬದುಕಿದನಾ, ಸತ್ತನಾ? ಪುಸ್ತಕ ಹೇಳುವುದಿಲ್ಲ. ಕೈ ಎತ್ತಿಸಿದೆ. ಹೆಚ್ಚುಕಡಿಮೆ ಸಮ ಸಮ ಬಂತು. ಸತ್ತ ಅಂದವರ ವಾದವೇ ಗಟ್ಟಿಯಾಗಿತ್ತು: ಆ ಸ್ಲೆಡ್ಡು ಮುದುಕ ಕೊಟ್ಟ ಮೊದಲನೇ ನೆನಪು, ಸಾಯುವಾಗ ಅದೇ ಕಾಣ್ತಿದೆ. ಇದನ್ನು ನಾನು ಹೇಳಿಕೊಟ್ಟದ್ದಲ್ಲ.

ಎಲ್ಲ ಮುಗಿದ ಮೇಲೆ ಗುಟ್ಟು ಬಿಟ್ಟೆ. ಲೌರಿ ಇದಾದ ಮೇಲೆ ಇನ್ನೂ ಮೂರು ಕಾದಂಬರಿ ಬರೆದರು. 2004ರ ‘ಮೆಸೆಂಜರ್’ ಓದಿದರೆ ಜೋನಾಸ್ ಬದುಕಿದ್ದಾನೆ ಅಂತ ಗೊತ್ತಾಗುತ್ತದೆ. ಅರ್ಧ ಕ್ಲಾಸು ಚಪ್ಪಾಳೆ ಹೊಡೆಯಿತು. ಅಡಿಕೆ ಹಾಳೆಯ ಹುಡುಗ ಮಾತ್ರ ಒಪ್ಪಲಿಲ್ಲ. ‘ಅದು ಆಮೇಲೆ ಬರೆದಿದ್ದು ಮಿಸ್. ಈ ಪುಸ್ತಕದಾಗೆ ಎಲ್ಲೈತೆ ತೋರಿಸಿ?’ ತೋರಿಸೋಕೆ ಆಗಲಿಲ್ಲ. ಪಾತ್ರೆಯ ಹುಡುಗಿ, ಮುಂದಿನ ಪುಸ್ತಕಗಳಲ್ಲಾದರೂ ಆ ಹೆರುವ ಹೆಂಗಸರ ಕಥೆ ಬರುತ್ತಾ ಅಂತ ಕೇಳಿದಳು. ಬರುತ್ತದೆ. 2012ರ ‘ಸನ್’ (ಮಗ) ಅಂಥ ಒಬ್ಬಳ ಕಥೆಯೇ. ಮುಂದಿನ ವರ್ಷ ಇವರು ಎಸ್‌ಎಸ್‌ಎಲ್‌ಸಿ, ಶನಿವಾರದ ಪೀರಿಯಡ್ ಸ್ಪೆಷಲ್ ಕ್ಲಾಸಿಗೆ ಹೋಗುತ್ತದೆ. ಆದರೂ ಪುಸ್ತಕ ತರಿಸಿ ಅವಳ ಕೈಗೆ ಕೊಟ್ಟಿದ್ದೇನೆ, ಜೊತೆಗೊಂದು ಡಿಕ್ಷನರಿ.